ಕೃಷಿ ರಾಜ್ಯದ್ದು, ಕಾಫಿ ಮಾತ್ರ ಯಾಕೆ ಕೇಂದ್ರದ್ದು?

ಕೃಷಿ ರಾಜ್ಯಕ್ಕೆ ಸೇರಿದ್ದಾದರೆ ನಮ್ಮ ಸಕಲೇಶಪುರದ ಕಾಫಿಗೆ ಕೇಂದ್ರದ ಕಾಫಿ ಬೋರ್ಡ್ ಯಾಕೆ, ಕೆರೆ ಸಬ್ಸಿಡಿಗೆ ಎಲ್ಲಿಗೆ ಹೋಗಬೇಕು ಅಂತ ಕೇಳಿದ್ದೀರಿ. ಸರಿಯಾದ ಪ್ರಶ್ನೆ ಸಾರ್.

ಸಂವಿಧಾನದ 7ನೇ ಅನುಸೂಚಿಯಲ್ಲಿ ಮೂರು ಪಟ್ಟಿ ಇವೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ ಜಂಟಿ ಪಟ್ಟಿ. ಕೃಷಿ ರಾಜ್ಯಪಟ್ಟಿಯಲ್ಲೇ ಇದೆ, 14ನೇ ನಮೂದು. ಆದರೆ ಕೇಂದ್ರಪಟ್ಟಿಯ 52ನೇ ನಮೂದು ನೋಡಿ, ಮಜಾ ಇರೋದು ಅಲ್ಲೇ: ಯಾವುದಾದರೂ ಉದ್ಯಮ ಕೇಂದ್ರದ ಹಿಡಿತದಲ್ಲಿರಬೇಕು ಅಂತ ಸಂಸತ್ತು ಕಾನೂನು ಮಾಡಿ ಘೋಷಿಸಿದರೆ ಮುಗೀತು, ಅದು ಕೇಂದ್ರದ ಪಾಲು. 1942ರ ಕಾಫಿ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ಇಂಥದ್ದೇ ಘೋಷಣೆ ಇದೆ. ರಫ್ತಂತೂ ಹೇಗೂ ಕೇಂದ್ರದ್ದೇ. ಬೋರ್ಡ್ ಇರೋದೂ ವಾಣಿಜ್ಯ ಸಚಿವಾಲಯದ ಕೆಳಗೆ, ಕೃಷಿ ಸಚಿವಾಲಯದ ಕೆಳಗಲ್ಲ.

ಹಾಗಂತ ಇಡೀ ತೋಟ ದೆಹಲಿಯದ್ದಾಗಲ್ಲ. ಜಮೀನಿನ ವಿಷಯ ರಾಜ್ಯದ್ದು, ಹಾಗಾಗಿ ಪಹಣಿ, ಪೋಡಿ, ಒತ್ತುವರಿ ತಕರಾರು ಎಲ್ಲಕ್ಕೂ ತಾಲ್ಲೂಕು ಕಚೇರಿಗೇ ಅಲೆಯಬೇಕು. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರವೂ ರಾಜ್ಯದ್ದೇ. ಇನ್ನು ಅದೇ ತೋಟಕ್ಕೆ ಆನೆ ನುಗ್ಗಿದರೆ ಲೆಕ್ಕ ಮತ್ತೆ ಬೇರೆ. ಕಾಡುಪ್ರಾಣಿ ರಕ್ಷಣೆ ಮೊದಲು ರಾಜ್ಯದ ಪಟ್ಟಿಯಲ್ಲಿತ್ತು, 1976ರ 42ನೇ ತಿದ್ದುಪಡಿಯಲ್ಲಿ ಜಂಟಿ ಪಟ್ಟಿಗೆ ಹೋಯ್ತು. ಅಲ್ಲಿ ಕೇಂದ್ರದ ಕಾನೂನು, ರಾಜ್ಯದ ಕಾನೂನು ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಕೇಂದ್ರದ್ದೇ ನಿಲ್ಲುತ್ತದೆ. ಬೆಳೆ ಪರಿಹಾರದ ಅರ್ಜಿ ಮಾತ್ರ ರಾಜ್ಯದ ಅರಣ್ಯ ಇಲಾಖೆಗೇ ಕೊಡಬೇಕು!

ನೀವು ಕೇಳಿದ ಕೆರೆ ಸಬ್ಸಿಡಿ ಕಾಫಿಗಾದರೆ ಬೋರ್ಡ್ ಆಫೀಸಿನಲ್ಲಿ ವಿಚಾರಿಸಿ. ಕೆಳಗಿನ ಗದ್ದೆಯ ಭತ್ತಕ್ಕೆ ರಾಜ್ಯ ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರ.