ಓಡಿಸದೆಯೇ ಓದುವ ವಿದ್ಯೆ

ಪ್ರಶ್ನೆ: ನನ್ನ ಮಗಳು ಸ್ಪೇನಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ವಿಷಯ ಪ್ರೋಗ್ರಾಂ ವಿಶ್ಲೇಷಣೆ ಮತ್ತು ಲಾಜಿಕ್ ಪ್ರೋಗ್ರಾಮಿಂಗ್. ‘ಪ್ರೋಗ್ರಾಮನ್ನು ಓಡಿಸದೆಯೇ ಅದರಲ್ಲಿ ತಪ್ಪಿದೆಯೇ ಎಂದು ತಿಳಿಯುವುದಮ್ಮ’ ಎನ್ನುತ್ತಾಳೆ. ಓಡಿಸಿ ನೋಡದೆ ಹೇಗೆ ಗೊತ್ತಾಗುತ್ತದೆ? ಇಷ್ಟಕ್ಕೆ ಇಷ್ಟು ವರ್ಷ ಬೇಕೆ?
– ಒಬ್ಬ ತಾಯಿ, ಹಾಸನ

ಉತ್ತರ: ಓಡಿಸಿ ನೋಡಿಯೂ ನಾನು ಮೋಸಹೋದ ಕಥೆಯನ್ನು ಮೊದಲು ಹೇಳುತ್ತೇನೆ, ತಾಯಿ. ಪಾಠ ಹೇಳುತ್ತಿದ್ದ ದಿನಗಳಲ್ಲಿ ಒಂದು ಕಾಲೇಜಿಗೆ ಫಲಿತಾಂಶದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಟ್ಟು ಅಂಕವನ್ನು ಪರೀಕ್ಷೆಗೆ ಕುಳಿತವರ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆಯುವ ಸಾಲೊಂದು ಅದರಲ್ಲಿತ್ತು. ಮೂರು ವರ್ಷದ ಹಳೆಯ ಅಂಕಪಟ್ಟಿಗಳನ್ನು ಹಾಕಿ ನೋಡಿದ್ದೆ, ಎಲ್ಲೂ ತೊಡಕಾಗಲಿಲ್ಲ. ಮರುವರ್ಷ ಒಂದು ಐಚ್ಛಿಕ ವಿಷಯಕ್ಕೆ ಹೆಸರು ಕೊಟ್ಟಿದ್ದ ಇಬ್ಬರೂ ಪರೀಕ್ಷೆಗೆ ಬರಲಿಲ್ಲ. ಭಾಜಕ ಸೊನ್ನೆಯಾಯಿತು, ಪ್ರೋಗ್ರಾಂ ನಿಂತುಹೋಯಿತು. ಫಲಿತಾಂಶಕ್ಕಾಗಿ ಹೊರಗೆ ಕಾದಿದ್ದ ಮಕ್ಕಳ ಮುಖ ಇಂದಿಗೂ ನೆನಪಿದೆ.

ನಿಮ್ಮ ಮಗಳ ವಿದ್ಯೆ ಆ ಸಾಲನ್ನು ಹೇಗೆ ಓದುತ್ತದೆ ನೋಡಿ. −738ನ್ನು −4291ರಿಂದ ಗುಣಿಸಿದರೆ ಎಷ್ಟು? ಥಟ್ಟನೆ ಹೇಳಲಾಗದು. ಆದರೆ ಉತ್ತರ ಧನಸಂಖ್ಯೆ ಎಂದು ಗುಣಿಸದೆಯೇ ಹೇಳಬಹುದು; ಋಣವನ್ನು ಋಣದಿಂದ ಗುಣಿಸಿದರೆ ಧನ ಎಂದು ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟಿದ್ದಾನೆ. ಹೀಗೆ ಸಂಖ್ಯೆಗಳನ್ನು ಬದಿಗಿಟ್ಟು, ಋಣ, ಸೊನ್ನೆ, ಧನ ಎಂಬ ಗುರುತುಗಳ ಮೇಲೆಯೇ ಪ್ರೋಗ್ರಾಮನ್ನು ನಡೆಸಿಕೊಂಡು ಹೋಗಬಹುದು. ನನ್ನ ಎಣಿಕೆ ಸೊನ್ನೆಯಿಂದ ಶುರುವಾಗಿ, ಒಬ್ಬೊಬ್ಬರು ಕುಳಿತಂತೆ ಒಂದೊಂದು ಏರುತ್ತಿತ್ತು. ಆದ್ದರಿಂದ ಭಾಗಿಸುವ ಹೊತ್ತಿಗೆ ಅದರ ಗುರುತು ‘ಸೊನ್ನೆ ಅಥವಾ ಧನ’. ಒಂದೇ ಒಂದು ಅಂಕಪಟ್ಟಿಯೂ ಬೇಕಿಲ್ಲ, ಎಚ್ಚರಿಕೆ ಅಲ್ಲೇ ಸಿಕ್ಕಿತು! ಈ ವಿಧಾನಕ್ಕೆ ಗಣಿತದ ಗಟ್ಟಿ ಬುನಾದಿ ಹಾಕಿದವರು ಫ್ರಾನ್ಸಿನಲ್ಲಿ ಕೆಲಸ ಮಾಡುತ್ತಿದ್ದ ಪ್ಯಾಟ್ರಿಕ್ ಮತ್ತು ರಾಧಿಯಾ ಕೂಸೊ ದಂಪತಿ, 1977ರಲ್ಲಿ.

ಕಷ್ಟವಿರುವುದು ಮುಂದೆ. ಋಣಕ್ಕೆ ಧನವನ್ನು ಕೂಡಿಸಿದರೆ ಏನಾಗುತ್ತದೆ? ಏನು ಬೇಕಾದರೂ ಆಗಬಹುದು. ಆಗ ವಿಶ್ಲೇಷಣೆ ‘ಗೊತ್ತಿಲ್ಲ’ ಎನ್ನಬೇಕು, ಸುಳ್ಳು ಭರವಸೆ ಕೊಡಬಾರದು. ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ಕೆಲಸ ಮುಗಿಸಿ ಎಂದಾದರೂ ನಿಲ್ಲುತ್ತದೆಯೇ ಎಂದು ತಪ್ಪದೆ ಹೇಳುವ ಸಾಮಾನ್ಯ ವಿಧಾನ ಇರಲಾರದು ಎಂದು ಗಣಿತಜ್ಞ ಟ್ಯೂರಿಂಗ್ 1936ರಲ್ಲೇ ಸಾಧಿಸಿದ. ಹಾಗಾಗಿ ‘ಗೊತ್ತಿಲ್ಲ’ ಪೂರ್ತಿ ತೊಲಗುವುದಿಲ್ಲ, ಕಡಿಮೆ ಮಾಡಬಹುದು ಅಷ್ಟೇ. ವರ್ಷಗಳು ಹಿಡಿಯುವುದು ಅದಕ್ಕೇ.

ಪ್ರಯೋಜನದ ಮಾತು: 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ಮೇಲೆದ್ದು ಒಂದು ನಿಮಿಷ ಕಳೆಯುವ ಮುನ್ನವೇ ನಾಶವಾಯಿತು. 64 ಬಿಟ್ಟಿನ (ಬಿಟ್ ಎಂದರೆ ಸೊನ್ನೆಯೋ ಒಂದೋ ಕೂರುವ ಒಂದು ಮನೆ) ಸಂಖ್ಯೆಯೊಂದನ್ನು 16 ಬಿಟ್ಟಿನ ಜಾಗಕ್ಕೆ ತುರುಕಲು ಹೋದದ್ದು ಕಾರಣ. ಅಲ್ಲಿ 32,767ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಪ್ರೋಗ್ರಾಮಿನ ಅದೇ ಸಾಲುಗಳು ಹಿಂದಿನ ರಾಕೆಟ್ ಏರಿಯಾನ್-4ರಲ್ಲಿ ಚೆನ್ನಾಗಿಯೇ ನಡೆದಿದ್ದವು. 2003ರಲ್ಲಿ ಕೂಸೊ ತಂಡದ ಆಸ್ಟ್ರೇ ಎಂಬ ವಿಶ್ಲೇಷಣಾ ಸಾಧನ, ಏರ್‌ಬಸ್ ಎ340 ವಿಮಾನದ ಮುಖ್ಯ ಹಾರಾಟ ನಿಯಂತ್ರಣ ತಂತ್ರಾಂಶದಲ್ಲಿ ಇಂಥ ತಪ್ಪು ಸಂಭವಿಸದೆಂದು ಸಾಧಿಸಿ ತೋರಿಸಿತು.

ಇನ್ನು ಲಾಜಿಕ್ ಪ್ರೋಗ್ರಾಮಿಂಗ್. 1972ರ ಸುಮಾರಿಗೆ ಫ್ರಾನ್ಸಿನ ಮಾರ್ಸೇ ನಗರದಲ್ಲಿ ಕೋಲ್ಮೆರೋಯರ್ ಮತ್ತು ರೂಸೆಲ್ ರೂಪಿಸಿದ ಪ್ರೋಲಾಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಹೀಗೆ ಮಾಡು’ ಎಂದು ಬರೆಯುವುದಕ್ಕಿಂತ ‘ಸಂಗತಿ ಹೀಗಿದೆ’ ಎಂದು ಬರೆಯುತ್ತೇವೆ. ‘ತಾಯಿಯ ಅಣ್ಣನೋ ತಮ್ಮನೋ ಆದವನು ಸೋದರಮಾವ’ ಎಂಬ ಒಂದು ನಿಯಮ, ನಿಮ್ಮ ಮನೆಯವರ ವಿವರ, ಇಷ್ಟು ಕೊಡಿ. ‘ನನ್ನ ಸೋದರಮಾವ ಯಾರು?’ ಎಂದೂ ಕೇಳಬಹುದು, ‘ಇವರು ಯಾರಿಗೆಲ್ಲ ಸೋದರಮಾವ?’ ಎಂದೂ ಕೇಳಬಹುದು. ಪ್ರೋಗ್ರಾಮಿನೊಳಗೆ ಯಾವ ಮಾಹಿತಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದನ್ನೂ ಇಂಥ ನಿಯಮಗಳಲ್ಲೇ ಬರೆಯಲು ಬರುತ್ತದೆ. ಮಗಳು ಎರಡು ವಿಷಯಗಳನ್ನು ಜೊತೆಗಿಟ್ಟುಕೊಂಡಿರುವುದು ಈ ಕಾರಣಕ್ಕೇ ಇರಬೇಕು.

ಮುಂದಿನ ಸಲ ಫೋನ್ ಬಂದಾಗ, ಊಟ ಆಯಿತೇ ಎಂದು ಕೇಳಿದ ಮೇಲೆ, ‘ಈ ತಿಂಗಳು ಎಷ್ಟು ಗೊತ್ತಿಲ್ಲಗಳನ್ನು ಕಳೆದೆ?’ ಎಂದೂ ಕೇಳಿ. ಅವಳು ಮಾತು ಬೇಗ ಮುಗಿಸುವುದಿಲ್ಲ.