ಪರ್ಲ್ ತೆಗೆದು ಪೈಥಾನ್ ಮಾತ್ರ ಇಟ್ಟರೆ ಸಾಕೇ?

ಡೆಬಿಯನ್ ಲಿನಕ್ಸ್ ಆಧಾರಿತ ಚಿಕ್ಕ ಇಮೇಜಿನಿಂದ (ಸಿದ್ಧಪಡಿಸಿಟ್ಟ ಸಿಸ್ಟಮ್ ಪ್ರತಿಯಿಂದ) ಪರ್ಲ್ ಭಾಷೆಯನ್ನು ಕಿತ್ತುಹಾಕಿ ಪೈಥಾನ್ ಭಾಷೆಯೊಂದನ್ನೇ ಉಳಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಬೇಡ, ಅದು ತಲೆಕೆಳಗಾದ ಲೆಕ್ಕ. ಡೆಬಿಯನ್‌ನಲ್ಲಿ ಪರ್ಲ್-ಬೇಸ್ (ಪರ್ಲ್‌ನ ಕನಿಷ್ಠ ಭಾಗ) 'ಎಸೆನ್ಷಿಯಲ್', ಅಂದರೆ ಅತ್ಯಗತ್ಯ ಪ್ಯಾಕೇಜು, ಪೈಥಾನ್ ಅಲ್ಲ. ಎಸೆನ್ಷಿಯಲ್ ಅಂದಮೇಲೆ ಅದು ಇದ್ದೇ ಇರುತ್ತದೆಂದು ನಂಬಿ, ಬೇರೆ ಪ್ಯಾಕೇಜುಗಳು ಅದನ್ನು ಅವಲಂಬನೆಯ ಪಟ್ಟಿಯಲ್ಲಿ ಬರೆಯುವುದೇ ಇಲ್ಲ. ಪ್ಯಾಕೇಜು ಇನ್‌ಸ್ಟಾಲ್ ಆಗುವಾಗ ಸೆಟ್ಟಿಂಗ್ ಕೇಳುವ ಡೆಬ್‌ಕಾನ್ಫ್ ಬರೆದಿರುವುದೇ ಪರ್ಲ್‌ನಲ್ಲಿ. ಹಾಗಾಗಿ ಬಲವಂತವಾಗಿ ತೆಗೆದರೆ ಇಮೇಜು ಬೂಟ್ ಆಗುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಮುಂದಿನ ಅಪ್‌ಗ್ರೇಡ್‌ನಲ್ಲಿ ಯಾವುದೋ ಪೋಸ್ಟ್‌ಇನ್‌ಸ್ಟ್ (ಇನ್‌ಸ್ಟಾಲ್ ನಂತರ ಓಡುವ ಸ್ಕ್ರಿಪ್ಟು) ಅರ್ಧಕ್ಕೆ ನಿಂತು, ಪ್ಯಾಕೇಜು ನಿರ್ವಹಿಸುವ ಡಿಪಿಕೆಜಿ ಕೈಚೆಲ್ಲುತ್ತದೆ.

ಜಾಗ ಉಳಿಸಬೇಕಿದ್ದರೆ ಪೂರ್ತಿ ಪರ್ಲ್ ಮತ್ತು ಅದರ ಮಾಡ್ಯೂಲುಗಳನ್ನು ಕೈಬಿಡಿ, ಪರ್ಲ್-ಬೇಸ್ ಇರಲಿ. ನಿಮ್ಮದೇ ಬೂಟ್ ಸ್ಕ್ರಿಪ್ಟುಗಳಿಗೆ ಡ್ಯಾಶ್ ಎಂಬ ಚಿಕ್ಕ ಶೆಲ್, ಪಠ್ಯ ಸಂಸ್ಕರಿಸುವ ಸೆಡ್, ಮಾಕ್ ಸಾಕು. ಆದರೆ ಡ್ಯಾಶ್‌ಗೆ ಅರೇ ಗೊತ್ತಿಲ್ಲ, ಜೋಡಿ ಚೌಕ ಆವರಣದ ಪರೀಕ್ಷೆಯೂ ಗೊತ್ತಿಲ್ಲ. ದೊಡ್ಡ ಶೆಲ್ ಆದ ಬ್ಯಾಶ್ ಅಭ್ಯಾಸದಲ್ಲಿ ಬರೆದದ್ದು ಇಲ್ಲೇ ಮುಗ್ಗರಿಸುವುದು.

ಪೈಥಾನ್ ಬೇಕೇಬೇಕಾದರೆ ಸಿಸ್ಟಮ್ ಪ್ರತಿಯನ್ನು ಬಳಕೆದಾರರ ಪಿಪ್‌ನಿಂದ (ಪೈಥಾನ್ ಪ್ಯಾಕೇಜು ಇನ್‌ಸ್ಟಾಲ್ ಮಾಡುವ ಉಪಕರಣ) ದೂರವಿಡಿ, ಅವರಿಗೆ ವೆನ್ವ್, ಅಂದರೆ ಪ್ರತ್ಯೇಕ ಪೈಥಾನ್ ಪರಿಸರ ಕೊಡಿ. ಡೆಬಿಯನ್ 12ರಿಂದ ಪಿಪ್ ಅಲ್ಲಿ ನೇರ ಇನ್‌ಸ್ಟಾಲ್ ನಿರಾಕರಿಸುವುದು ಇದಕ್ಕೇ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಂತೂ ಸಿಸ್ಟಮ್ ಉಪಕರಣಗಳಿಗೆಂದೇ 'ಪ್ಲಾಟ್‌ಫಾರ್ಮ್-ಪೈಥಾನ್' ಬೇರೆ ಇಟ್ಟರು.

ಎರಡೂ ಬೇಡವೆಂದರೆ ಡೆಬಿಯನ್ ಜೊತೆ ಗುದ್ದಾಡಬೇಡಿ. ಬ್ಯುಸಿಬಾಕ್ಸ್ ಶೆಲ್ ಮೇಲೆ ನಿಂತಿರುವ ಆಲ್ಪೈನ್ ಲಿನಕ್ಸ್‌ನಿಂದ ಶುರುಮಾಡಿ, ಅಲ್ಲಿ ಮೂಲದಲ್ಲೇ ಎರಡೂ ಇಲ್ಲ. ಒಂದೇ ತೊಡಕು: ಅದರ ಸಿ ಲೈಬ್ರರಿ ಮಸಲ್, ಡೆಬಿಯನ್ ಬಳಸುವ ಸಿ ಲೈಬ್ರರಿಯಾದ ಜಿಲಿಬ್‌ಸಿಗೆ ಕಟ್ಟಿದ ಬೈನರಿಗಳು ಸಾಮಾನ್ಯವಾಗಿ ಅಲ್ಲಿ ಓಡುವುದಿಲ್ಲ.