ಎಟಿಎಂಗೆ ನಾಲ್ಕಂಕಿ ಸಾಕು, ಅಡಿಕೆ ಕೋಣೆಗೆ ಯಾಕೆ ಸಾಲದು?

ಎಟಿಎಂಗೆ ನಾಲ್ಕಂಕಿ ಪಿನ್ ಸಾಕಾದರೆ ಅಡಿಕೆ ಇಟ್ಟ ಕೋಣೆಗೂ ನಾಲ್ಕಂಕಿಯ ನಂಬರ್ ಬೀಗ ಸಾಕಲ್ವಾ ಅಂತ ಕೇಳಿದ್ದೀರಿ. ಸಾಲದು. ನಾನೂ ತೀರ್ಥಹಳ್ಳಿ ಕಡೆಯವನೇ, ರಾಶಿ ಅಡಿಕೆ ಒಣಗಿಸಿಟ್ಟು ರೇಟಿಗೆ ಕಾಯುವ ಮನೆಯವನು. ಸ್ವಲ್ಪ ಬಿಡಿಸಿ ಹೇಳ್ತೇನೆ.

0000ದಿಂದ 9999ರವರೆಗೆ ಇರುವುದು 10,000 ಸಂಖ್ಯೆ. ಎರಡೂ ಕಡೆ ಲೆಕ್ಕ ಒಂದೇ. ಆದರೆ ಎಟಿಎಂನಲ್ಲಿ ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ ಕಾರ್ಡ್ ಬ್ಲಾಕ್ ಆಗುತ್ತದೆ. ಕಳ್ಳನಿಗೆ ಕಾರ್ಡೂ ಸಿಗಬೇಕು, ಮೂರೇ ಊಹೆಯಲ್ಲಿ ಪಿನ್ನೂ ಹೊಳೆಯಬೇಕು. ಪಿನ್ನಿಗೆ ಬಲ ಬರುವುದು ಆ ಮಿತಿಯಿಂದ. ಬೀಗಕ್ಕೆ ಅಂಥ ಮಿತಿಯೇ ಇಲ್ಲ. ಸಂಖ್ಯೆಗೆ ಎರಡು ಸೆಕೆಂಡ್ ಹಿಡಿದರೂ ಐದೂವರೆ ಗಂಟೆ ಚಿಲ್ಲರೆಯಲ್ಲಿ ಅಷ್ಟೂ ಮುಗಿಯುತ್ತದೆ. ಮೂರಂಕಿಯದಾದರೆ ಅರ್ಧ ಗಂಟೆ ಚಿಲ್ಲರೆ ಸಾಕು. ಒಂಟಿ ತೋಟದ ಮನೆ, ಎಲ್ಲರೂ ನೆಂಟರ ಮನೆಗೆ ಹೋಗಿದ್ದೀರಿ ಅಂದ್ಕೊಳ್ಳಿ, ಕೇಳುವವರು ಯಾರು? ಅಗ್ಗದ ಬೀಗದಲ್ಲಂತೂ ಕೊಂಡಿ ಎಳೆದು ಹಿಡಿದು ಚಕ್ರ ತಿರುಗಿಸಿದರೆ ಎಲ್ಲಿ ಬಿಗಿಯಾಯಿತು ಅಂತ ಬೆರಳಿಗೇ ಗೊತ್ತಾಗುತ್ತದೆ. ಒಳ್ಳೆಯ ಕೀಲಿ ಬೀಗವೇ ಹಾಕಿ.

ಎಟಿಎಂ ಪಿನ್ನಿಗೆ ನಾಲ್ಕೇ ಯಾಕೆ ಅಂದರೆ, 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಂದ ಹಣದ ಯಂತ್ರವನ್ನು ರೂಪಿಸಿದ ಜಾನ್ ಶೆಫರ್ಡ್-ಬ್ಯಾರನ್ ಮೊದಲು ಆರಂಕಿ ಅಂದುಕೊಂಡಿದ್ದರಂತೆ. ಅವರ ಹೆಂಡತಿ ತನಗೆ ನಾಲ್ಕೇ ನೆನಪಿರೋದು ಅಂದರಂತೆ. ಅಲ್ಲಿಗೆ ತೀರ್ಮಾನವಾಯಿತು!

ಇನ್ನು ಗುಡ್ಡ ಹತ್ತಿದರೇ ಸಿಗ್ನಲ್, ಅಷ್ಟರಲ್ಲಿ ಒಟಿಪಿ ಟೈಮ್ ಮುಗಿದಿರುತ್ತದೆ ಅನ್ನುವ ನಿಮ್ಮ ಗೋಳು. ಇಮೇಲ್‌ನಂಥ ಖಾತೆಗಳಿಗೆ ಅಥೆಂಟಿಕೇಟರ್ ಆ್ಯಪ್, ಅಂದರೆ ಲಾಗಿನ್ ಕೋಡನ್ನು ಫೋನಿನಲ್ಲೇ ತಯಾರಿಸುವ ಆ್ಯಪ್, ಹಾಕಿಕೊಳ್ಳಿ. ಮೊದಲ ಸಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಕೀ ಫೋನಿಗೆ ಬರುತ್ತದೆ. ಆಮೇಲೆ ಆ ಕೀಯನ್ನೂ ಗಡಿಯಾರವನ್ನೂ ಸೇರಿಸಿ ಫೋನು ಒಂದು ಕಡೆ, ಕಂಪನಿಯ ಸರ್ವರ್ ಇನ್ನೊಂದು ಕಡೆ ಅದೇ ಆರಂಕಿ ಲೆಕ್ಕ ಹಾಕಿಕೊಳ್ಳುತ್ತವೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಕೋಡ್. ಅದಕ್ಕೆ ಸಿಗ್ನಲ್ ಬೇಡ, ಫೋನಿನ ಟೈಮ್ ಸರಿ ಇದ್ದರಾಯಿತು. ಬ್ಯಾಂಕಿನ ಎಸ್ಸೆಮ್ಮೆಸ್ ಒಟಿಪಿಗೆ ಮಾತ್ರ ಇದು ನಡೆಯುವುದಿಲ್ಲ. ಮನೆಯಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ ನೋಡಿ, ಎಷ್ಟೋ ಫೋನುಗಳಲ್ಲಿ ಮೆಸೇಜೂ ಅದರಲ್ಲೇ ಬರುತ್ತದೆ. ಇಲ್ಲವಾದರೆ ಗುಡ್ಡವೇ ಗತಿ.

ನೀವು ಕೇಳದ ಒಂದು ಮಾತು. ಮಂಡಿಯವರು ಅಂತ ಹೇಳಿಕೊಂಡು ಯಾರೋ ಫೋನ್ ಮಾಡಿ, ಅಡಿಕೆ ದುಡ್ಡು ಹಾಕ್ತೇವೆ, ಯುಪಿಐ ಪಿನ್ ಒತ್ತಿ ಅಂದರೆ ಸುಮ್ನೆ ಕಟ್ ಮಾಡಿ. ದುಡ್ಡು ಬರೋದಕ್ಕೆ ಪಿನ್ ಬೇಕಾಗಿಲ್ಲ, ಹೋಗೋದಕ್ಕೆ ಮಾತ್ರ. ಹೋಗೇಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.